ಬೆರಳು ಮೇಸ್ತ್ರಿ

ಗೇರ್‌ಬಾಕ್ಸ್ ಕೆಳಗಿಳಿಸಿ, ಕಾರಿನಡಿ ಅಂಗಾತ ಮಲಗಿ ಟಾರ್ಚ್ ಬಿಟ್ಟಾಗ ತಮ್ಮನಿಗೆ ಸೋರಿಕೆಯ ಕಾರಣ ಕಂಡಿತು. ಇಂಜಿನ್ನಿನ ಬೆನ್ನಿಗೆ ಕೂತಿದ್ದ ಆಯಿಲ್ ಸೀಲ್, ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ, ಉಲ್ಟಾ ಆಗಿತ್ತು. ಒಳಗಿನ ಎಣ್ಣೆಯತ್ತ ಮುಖ ಮಾಡಿರಬೇಕಾದ ಸಣ್ಣ ಸ್ಪ್ರಿಂಗು ಹೊರಗೆ, ಇವನ ಕಣ್ಣಿಗೇ ಹೊಡೆಯುವಂತೆ ಮಿಂಚುತ್ತಿತ್ತು. ಕೆಲಸ ಕಲಿಯುವವರು ಮೊದಲ ವಾರದಲ್ಲೇ ತಲೆಗೆ ಮೊಟಕಿಸಿಕೊಂಡು ಬಿಟ್ಟುಬಿಡುವ ತಪ್ಪು ಇದು. ಹದಿನೈದು ದಿನದ ಹಿಂದೆ ಈ ಸೀಲನ್ನು ಕೂರಿಸಿದವನು ಅಣ್ಣ.

ಕಾರು ಟೀಚರಮ್ಮನದು. ಬೆಳಿಗ್ಗೆ ಬಂದವರೇ, "ಮನೆ ಮುಂದೆ ಮತ್ತೆ ತಟ್ಟೆಯಗಲ ಎಣ್ಣೆ ಬಿದ್ದಿದೆ. ನೀವು ಹಾಕಿದ್ದು ಸೀಲೋ ಜರಡಿಯೋ?" ಎಂದು ನಗುತ್ತಲೇ ಚುಚ್ಚಿ ಹೋಗಿದ್ದರು. ಇಂಜಿನ್ನಿನ ಮೇಲ್ಮುಚ್ಚಳದ ಪ್ಯಾಕಿಂಗಿನಿಂದ ಇಳಿದು ಬರುತ್ತಿರಲಿ ದೇವರೇ ಎಂದುಕೊಂಡೇ ತಮ್ಮ ಇಂಜಿನ್ ತೊಳೆದು ಒರೆಸಿ, ಸೋರುವ ಜಾಗ ತಿಳಿಯಲೆಂದು ಪೌಡರ್ ಎರಚಿ, ಅರ್ಧ ಗಂಟೆ ಓಡಿಸಿ ನೋಡಿದ್ದ. ಮೇಲೆಲ್ಲ ಪೌಡರ್ ಬೆಳ್ಳಗೇ ಇತ್ತು. ಒದ್ದೆಯಾಗಿದ್ದದ್ದು ಇಂಜಿನ್ನೂ ಗೇರ್‌ಬಾಕ್ಸೂ ಕೂಡುವ ಕಡೆ ಮಾತ್ರ.

ಊರಿಗೆಲ್ಲ ಅಣ್ಣ ಬೆರಳು ಮೇಸ್ತ್ರಿ. ಸೀಲನ್ನು ಅವನು ಎಂದೂ ಕಣ್ಣಿಟ್ಟು ನೋಡಿದವನಲ್ಲ. ತೋರುಬೆರಳನ್ನು ಅಂಚಿನ ಸುತ್ತ ಒಮ್ಮೆ ಆಡಿಸಿದರೆ ಸಾಕು, ಮುಖ ಯಾವುದು, ಸವೆದದ್ದೆಲ್ಲಿ, ಎಲ್ಲ ಹೇಳುತ್ತಿದ್ದ. ಅಪ್ಪ ಸತ್ತ ಮೇಲೆ ಆ ಬೆರಳೇ ಮನೆ ನಡೆಸಿತ್ತು, ತಮ್ಮನನ್ನು ಮನುಷ್ಯನನ್ನಾಗಿ ಮಾಡಿತ್ತು. ಈಗ ಸಕ್ಕರೆ ಕಾಯಿಲೆ ಹಾಳಾದದ್ದು ಹುಡುಕಿಕೊಂಡು ಹೋಗಿ ಅದಕ್ಕೇ ಬಾಯಿ ಹಾಕಿತ್ತು. ಹೋದ ತಿಂಗಳು ಸುಡುವ ಸೈಲೆನ್ಸರ್ ತಾಗಿ ಬೆರಳಲ್ಲಿ ಗುಳ್ಳೆ ಎದ್ದದ್ದು ಅಣ್ಣನಿಗೆ ಗೊತ್ತಾದದ್ದು ಊಟಕ್ಕೆ ಕೂತಾಗ, ಅತ್ತಿಗೆ ಆ ಕೈ ಹಿಡಿದು ಅತ್ತಾಗ. "ದುಡಿಯೋ ಕೈ, ಚರ್ಮ ದಪ್ಪ. ಅದಕ್ಯಾಕೆ ರಾಗ ಎಳೀತೀಯಾ" ಎಂದು ಗದರಿದ್ದ.

"ಏನಾಗಿದ್ಯೋ?" ಅಣ್ಣ ಬಗ್ಗಿ ಕೇಳಿದ.

ತಮ್ಮ ಟಾರ್ಚನ್ನು ಸೀಲಿನಿಂದ ಆಚೆ ತಿರುಗಿಸಿದ. ನಿಜ ಹೇಳಿದರೆ ಈ ಮನುಷ್ಯ ನಾಳೆಯಿಂದ ಗ್ಯಾರೇಜಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರಬೇಕು. ಕೂತರೆ ಹೆಚ್ಚು ದಿನ ಉಳಿಯುವವನಲ್ಲ.

"ಸೀಲ್ ಉಲ್ಟಾ ಆಗಿದೆ ಅಣ್ಣ. ಅವತ್ತು ನಾನೇ ಹಾಕಿದ್ದಲ್ವಾ, ಆತುರದಲ್ಲಿ..."

ಬಗ್ಗಿದ್ದ ಅಣ್ಣ ನೆಟ್ಟಗೆ ಎದ್ದು ನಿಂತ. ಆಮೇಲೆ ಗ್ಯಾರೇಜೆಲ್ಲ ಕೇಳುವಂತೆ ಶುರುಮಾಡಿದ. "ಮೂವತ್ತು ವರ್ಷ ಇಲ್ಲೇನು ಕತ್ತೆ ಕಾದ್ಯೇನೋ? ಸ್ಪ್ರಿಂಗ್ ಯಾವ ಕಡೆ ಇರ್ಬೇಕು ಅನ್ನೋದೂ ಗೊತ್ತಾಗಲ್ವಾ? ಕೈಯಾ ಅದು, ಕೊರಡಾ?"

ಕೊರಡು ಎಂದವನು ಅಲ್ಲಿಗೇ ನಿಂತುಬಿಟ್ಟ. ಸೀಲ್ ಹಾಕಿದ್ದು ಯಾರೆಂದು ಇಬ್ಬರಿಗೂ ಗೊತ್ತಿತ್ತು. ತಮ್ಮನಿಗೆ ಅಳು ಒತ್ತರಿಸಿ ಬಂತು. ಬೈಗುಳಕ್ಕಲ್ಲ, ಅದನ್ನು ನಡುವೆ ನಿಲ್ಲಿಸಿದ್ದಕ್ಕೆ.

"ಸರಿ ಅತ್ಲಾಗೆ. ಹೊಸದು ನಾನ್ ಹಾಕ್ತೀನಿ."

ಅಣ್ಣ ಏದುಸಿರು ಬಿಡುತ್ತ ಕಾರಿನಡಿ ತೂರಿ ಬಂದು ಪಕ್ಕದಲ್ಲಿ ಮಲಗಿದ. ಚಿಕ್ಕಂದಿನಲ್ಲಿ ಒಂದೇ ಚಾಪೆಯಲ್ಲಿ ಮಲಗುತ್ತಿದ್ದಂತೆ ಭುಜಕ್ಕೆ ಭುಜ ತಾಗಿತು. ತಮ್ಮ ಹಳೆಯ ಸೀಲನ್ನು ಕಿತ್ತು, ಜಾಗ ಒರೆಸಿ, ಹೊಸದಕ್ಕೆ ಎಣ್ಣೆ ಸವರಿ ಕೊಟ್ಟ. ಅಣ್ಣ ತೋರುಬೆರಳನ್ನು ಅಂಚಿನ ಸುತ್ತ ಆಡಿಸಿದ. ಮತ್ತೊಮ್ಮೆ ಆಡಿಸಿದ. ಉಗುರು ಬೆಳ್ಳಗಾಗುವಷ್ಟು ಒತ್ತಿದ. ಇನ್ನೊಂದು ಕೈಗೆ ಬದಲಾಯಿಸಿ ನೋಡಿದ.

"ಟಾರ್ಚ್ ಆರಿಸೋ, ಕಣ್ಣು ಕುಕ್ಕುತ್ತೆ."

ತಮ್ಮ ಆರಿಸಿದ. ಆದರೂ ಹೊರಗಿನ ಬಿಸಿಲು ಚಕ್ರಗಳ ಸಂದಿಯಿಂದ ಅಷ್ಟಿಷ್ಟು ಬರುತ್ತಲೇ ಇತ್ತು. ಅಣ್ಣ ಸೀಲನ್ನು ಬಾಯಿಯ ಹತ್ತಿರ ತಂದು ಕೆಳತುಟಿಗೆ ತಾಗಿಸಿ, ನಿಧಾನವಾಗಿ ಒಂದು ಸುತ್ತು ತಿರುಗಿಸಿದ. ಮಗುಚಿ ಇನ್ನೊಂದು ಬದಿಯನ್ನೂ ತಾಗಿಸಿದ. ಒಂದು ಕಡೆ ತುಟಿ ಸ್ಪ್ರಿಂಗಿಗೆ ತಡೆದು ನಿಂತಿತು. ಆ ಮುಖವನ್ನು ಇಂಜಿನ್ನಿನತ್ತ ಮಾಡಿ ಹಿಡಿದುಕೊಂಡ. ಹಿಡಿದೇ ಇದ್ದ, ಒತ್ತಲಿಲ್ಲ.

"ಸರಿ ಇದ್ಯಾ, ಸ್ವಲ್ಪ ನೋಡೋ."

ತಮ್ಮ ಟಾರ್ಚ್ ಹಾಕಿದ. ಸೀಲ್ ಸರಿಯಾಗೇ ಇತ್ತು. ಅಣ್ಣನ ಕೆಳತುಟಿಯ ಮೇಲೆ ಎಣ್ಣೆ ಹೊಳೆಯುತ್ತಿತ್ತು.