ನೀಲವ್ವ ಏಣಿ ಹತ್ತಿದ್ದು

ನಾನೊಂದು ಪೈಪು. ನಾಲ್ಕಿಂಚು ಅಗಲ, ಹತ್ತಡಿ ಉದ್ದ, ಬಣ್ಣ ಬಿಳಿ. ಕಾರ್ಖಾನೆಯಲ್ಲಿ ಬಿಸಿಬಿಸಿಯಾಗಿ ಹೊರಬಂದು ತಣ್ಣೀರಿನ ತೊಟ್ಟಿಯಲ್ಲಿ ಗಟ್ಟಿಯಾದೆ, ಹುಟ್ಟಿನ ನೆನಪು ಅಷ್ಟೇ. ಆಮೇಲೆ ಲಾರಿ ಹತ್ತಿ ಗದಗಿಗೆ ಬಂದು ಒಂದು ಅಂಗಡಿಯ ಗೋಡೆಗೆ ಒರಗಿ ನಿಂತೆ. ಬಚ್ಚಲ ನೀರು ಸಾಗಿಸುವುದು ನಮ್ಮ ಕುಲದ ಕೆಲಸ. ನಾನೂ ಅದಕ್ಕೇ ಕಾಯುತ್ತಿದ್ದೆ.

ನನ್ನನ್ನು ಕೊಂಡವನು ಫಕ್ಕೀರಪ್ಪ. ಇಪ್ಪತ್ತು ವರ್ಷದಿಂದ ಮನೆಮನೆಗೆ ನಳ ಜೋಡಿಸಿಕೊಂಡು ಬಂದವನು. ಬೆರಳಿನ ಗೆಣ್ಣಿನಿಂದ ನನ್ನನ್ನು ತಟ್ಟಿ, ಕಿವಿಗೊಟ್ಟು ಕೇಳಿ, ಆಮೇಲೆ ಹೆಗಲಿಗೇರಿಸಿದ. ಹೊಸದಾಗಿ ಕಟ್ಟಿದ ಎರಡಂತಸ್ತಿನ ಮನೆಯೊಂದರ ಹಿಂಗೋಡೆಗೆ ನನ್ನನ್ನು ಕೂರಿಸಬೇಕಿತ್ತು. ಅವನು ಏಣಿಯ ತುದಿಯಲ್ಲಿದ್ದಾಗ ಒದ್ದೆ ನೆಲದ ಮೇಲೆ ಏಣಿಯ ಕಾಲು ಜಾರಿತು. ಇಬ್ಬರೂ ಒಟ್ಟಿಗೇ ಬಿದ್ದೆವು. ನನಗೆ ಒಂದು ಗೀರು ಮಾತ್ರ ಆಯಿತು. ಅವನ ತೊಡೆಯ ಎಲುಬು ಮುರಿಯಿತು.

ಅವನು ಆಸ್ಪತ್ರೆಯಲ್ಲಿದ್ದಾಗಲೇ ಆ ಮನೆಯವರು ಅವನ ಸಾಮಾನಿನ ಚೀಲವನ್ನೂ ನನ್ನನ್ನೂ ಅವನ ಮನೆಗೆ ಕಳಿಸಿಕೊಟ್ಟರು. ತಗಡಿನ ಪತ್ರಾಸು ಹೊದಿಸಿದ ಎರಡು ಕೋಣೆಯ ಮನೆ, ಮುಂದೆ ಸಣ್ಣ ಅಂಗಳ. ಫಕ್ಕೀರಪ್ಪನ ಕಾಲಿಗೆ ಸರಳು ಹಾಕಿದರು. ಇನ್ನು ಏಣಿ ಹತ್ತುವಂತಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಏಣಿ ಹತ್ತದ ನಳದವನನ್ನು ಯಾರು ಕರೆದಾರು? ಅವನು ಕಟ್ಟೆಯ ಮೇಲೆ ಕುಳಿತು ಬೀದಿ ನೋಡುತ್ತಿದ್ದ. ಮಾತು ಕಡಿಮೆಯಾಯಿತು. ಒಂದು ದಿನ ನನ್ನತ್ತ ಕೈ ಮಾಡಿ ಹೆಂಡತಿ ನೀಲವ್ವನಿಗೆ ಹೇಳಿದ: "ಅದನ್ನ ಗುಜರಿಗೆ ಕೊಟ್ಟುಬಿಡು. ಕಣ್ಣಿಗೆ ಬಿದ್ದರ ಆ ದಿನಾನ ನೆನಪಾಗ್ತೈತಿ."

ನೀಲವ್ವ ಹೂಂ ಅಂದಳು, ಆದರೆ ಕೊಡಲಿಲ್ಲ. ಮರುದಿನದಿಂದ ನನ್ನ ಮೇಲೆ ಬಟ್ಟೆ ಒಣಗಹಾಕಿ ನನ್ನನ್ನು ಮರೆಮಾಡಿದಳು.

ಅವಳು ಒಂದು ಖಾನಾವಳಿಗೆ ಜೋಳದ ರೊಟ್ಟಿ ಬಡಿದುಕೊಡುತ್ತಿದ್ದಳು. ಬೇಸಿಗೆಯಲ್ಲಿ ರೊಟ್ಟಿಯ ಜೊತೆ ಕೊಡಲು ಎಳೇ ಮೆಂತ್ಯೆ ಸೊಪ್ಪು ಸಿಗುವುದಿಲ್ಲವೆಂದು ಖಾನಾವಳಿಯ ಗೌರಕ್ಕ ಪೇಚಾಡುತ್ತಿದ್ದಳು. ಆ ಮಾತನ್ನು ನೀಲವ್ವ ರೊಟ್ಟಿ ಬಡಿಯುತ್ತಲೇ ಗಂಡನ ಕಿವಿಗೆ ಹಾಕಿದಳು. ಹಿಂದೊಮ್ಮೆ ಒಬ್ಬ ಡಾಕ್ಟರ ತಾರಸಿಯಲ್ಲಿ ಮಣ್ಣಿಲ್ಲದ ತೋಟಕ್ಕೆ ಪೈಪು ಜೋಡಿಸಿಕೊಟ್ಟು, ಇದೇನು ಹುಚ್ಚು ಎಂದು ನಕ್ಕುಕೊಂಡು ಬಂದದ್ದು ಫಕ್ಕೀರಪ್ಪನಿಗೆ ನೆನಪಾಯಿತು. ಎದ್ದು ಕುಂಟುತ್ತ ಬಂದು ನನ್ನ ಮೇಲಿನ ಬಟ್ಟೆ ಸರಿಸಿದ.

ಗಟ್ಟಿಮುಟ್ಟಾದ ಪೈಪಿಗೆ ಸಾಲಾಗಿ ತೂತು ಕೊರೆಯುವವನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಒಂದೊಂದು ಗೇಣಿಗೆ ಒಂದರಂತೆ ಹನ್ನೆರಡು ತೂತು. ಎರಡೂ ತುದಿಗೆ ಮುಚ್ಚಳ. ರಸಮಟ್ಟ ಇಟ್ಟು ಸಮ ನೋಡಿ, ಸೊಂಟದೆತ್ತರದ ಕಟ್ಟಿಗೆಯ ಆಸರೆಗಳ ಮೇಲೆ ನನ್ನನ್ನು ಮಲಗಿಸಿದ. ಮೀನಿನ ತೊಟ್ಟಿಗೆ ಹಾಕುವ ಪುಟ್ಟ ಪಂಪು ಬಕೆಟ್ಟಿನಿಂದ ನೀರೆತ್ತಿ ನನ್ನೊಳಗೆ ಹರಿಸಿತು. ಗಿಡದ ಆಹಾರವನ್ನು ಆ ನೀರಿಗೇ ಬೆರೆಸಿದರು. ತೂತುಗಳಲ್ಲಿ ತಳ ಕೊರೆದ ಲೋಟ, ಲೋಟದಲ್ಲಿ ತೆಂಗಿನ ನಾರು, ನಾರಿನಲ್ಲಿ ಮೆಂತ್ಯೆ ಕಾಳು. ಮೊಳಕೆ ಬಂದು ಬೇರು ನನ್ನ ಹೊಟ್ಟೆಗೆ ಇಳಿದಾಗ ಕಚಗುಳಿಯಾಯಿತು.

ಆದರೆ ಹತ್ತೇ ದಿನದಲ್ಲಿ ಎಲೆ ಹಳದಿಯಾಯಿತು, ತುದಿ ಸುಟ್ಟಂತಾಯಿತು. ನನ್ನ ಒಳಗೋಡೆಗೆ ಬಿಳಿ ಹಕ್ಕಳೆ ಕಟ್ಟಿತು. ಎರಡನೇ ಸಲವೂ ಹಾಗೇ. ಫಕ್ಕೀರಪ್ಪ ಲೋಟಗಳನ್ನೆಲ್ಲ ಕಿತ್ತು ಅಂಗಳದ ಮೂಲೆಗೆ ಎಸೆದ. ತನ್ನ ಕೈಗೆ ಇನ್ನು ಏನೂ ಹತ್ತುವುದಿಲ್ಲ ಎಂದು ಗೋಡೆಯ ಕಡೆ ಮುಖ ಮಾಡಿ ಕುಳಿತುಬಿಟ್ಟ.

ನೀಲವ್ವ ಲೋಟಗಳನ್ನು ಒಂದೊಂದಾಗಿ ಆರಿಸಿಕೊಂಡು ಬಂದಳು. "ಈ ಬೋರಿನ ನೀರಾಗ ಬ್ಯಾಳಿ ಸುದ್ದಾ ಬೇಯೂದಿಲ್ಲ. ಮಳಿನೀರಾಗ ಹಾಕಿದರ ಒಂದ ಕುದಿಗೆ ಬೇಯ್ತೈತಿ. ತಪ್ಪು ನಿಮ್ಮ ಕೈಯಾಗಿಲ್ಲ, ನೀರಾಗ ಐತಿ" ಅಂದಳು.

ಮಳೆನೀರು ಹಿಡಿಯಬೇಕಾದರೆ ಪತ್ರಾಸಿನ ಅಂಚಿಗೆ ನೀರು ಹರಿದುಬರುವ ದೋಣಿ ಕಟ್ಟಬೇಕು, ಅದಕ್ಕೆ ಯಾರಾದರೂ ಏಣಿ ಹತ್ತಬೇಕು. ಫಕ್ಕೀರಪ್ಪ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟ. ಎರಡನೆಯದಕ್ಕೆ ಕಾಲು ಮೇಲೇಳಲಿಲ್ಲ. ನೀಲವ್ವ ಅವನ ರಟ್ಟೆ ಹಿಡಿದು ಹಿಂದಕ್ಕೆ ಸರಿಸಿ, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ನೀ ಹತ್ತಿದರ ಮಂದಿ ಏನಂದಾರು?" ಎಂದ ಅವನು.

"ಮಂದಿ ಅನ್ನೂದನ್ನ ಆಮ್ಯಾಲೆ ಕೇಳೂಣಂತ. ನೀವು ಏಣಿ ಹಿಡೀರಿ. ಹ್ಯಾಂಗ ಮಾಡೂದು, ಅಷ್ಟು ಹೇಳ್ರಿ."

ಅವನು ಎರಡೂ ಕೈಯಲ್ಲಿ ಏಣಿಯನ್ನು ಅಪ್ಪಿ ಹಿಡಿದ. ಕೊಕ್ಕೆ ಎಲ್ಲಿ ಹೊಡೆಯಬೇಕು, ದೋಣಿಗೆ ಎಷ್ಟು ಇಳಿಜಾರು ಕೊಡಬೇಕು ಎಂದು ಕೆಳಗಿನಿಂದಲೇ ಹೇಳಿಕೊಟ್ಟ. ಮೊದಲು ಅವನ ದನಿ ಗಡುಸಾಗಿತ್ತು, ಬರಬರುತ್ತ ಮೆತ್ತಗಾಯಿತು. ಬೀದಿಯಲ್ಲಿ ಹೋಗುವ ಇಬ್ಬರು ನಿಂತು ನೋಡಿ ನಕ್ಕರು. ಅವನು ಅವರತ್ತ ತಿರುಗಲಿಲ್ಲ. ಅವನ ಕಣ್ಣು ಅವಳ ಪಾದದ ಮೇಲಿತ್ತು.

ಮೊದಲ ಮಳೆಯ ಧೂಳುನೀರನ್ನು ಹರಿಯಬಿಟ್ಟು, ಎರಡನೆಯ ಮಳೆಯನ್ನು ಡ್ರಮ್ಮಿಗೆ ತುಂಬಿಕೊಂಡರು. ಆ ನೀರು ನನ್ನೊಳಗೆ ಬಂದಾಗ ಎಷ್ಟು ಹಗುರವಾಗಿತ್ತು! ಮೆಂತ್ಯೆ ಹಸಿರಾಗಿ ಎದ್ದು ನಿಂತಿತು. ಪಾಲಕ್ ಬಂತು, ಪುದೀನ ಬಂತು. ಗೌರಕ್ಕ ನಿಂತಲ್ಲೇ ಒಂದು ದಂಟು ಚಿವುಟಿ ಅಗಿದು, ನಾಳೆಯಿಂದ ಎಷ್ಟಿದ್ದರೂ ಕೊಡಿ ಎಂದಳು.

ಆಷಾಢದಲ್ಲಿ ಅದೇ ಓಣಿಯ ಲಲಿತಾ ಟೀಚರು ಬಂದರು. ತಮ್ಮ ಮನೆಗೂ ಹೀಗೇ ದೋಣಿ ಕಟ್ಟಿಸಬೇಕು, ಇದನ್ನು ಜೋಡಿಸಿದವರು ಯಾರು ಎಂದು ಕೇಳಿದರು. ನೀಲವ್ವ ಗಂಡನ ಮುಖ ನೋಡಿದಳು. ಊರೆಲ್ಲ ಹೆಸರು ಹೇಳುವ ಕೈ ಅವನದು. ಅವನು ಅಂದ: "ನಮ್ಮ ಮನ್ಯಾಕಿ ಜೋಡಿಸ್ಯಾಳ. ಆಕಿನ್ನ ಕೇಳ್ರಿ."

ಅಂದಿನಿಂದ ಸಾಮಾನಿನ ಚೀಲ ನೀಲವ್ವನ ಹೆಗಲಿಗೇರಿತು. ಕೆಲಸವಿದ್ದಲ್ಲಿಗೆ ಇಬ್ಬರೂ ಹೋಗುತ್ತಿದ್ದರು. ಅವಳು ಮೇಲೆ, ಅವನು ಏಣಿಯ ಬುಡದಲ್ಲಿ.

ಐದು ಬೇಸಿಗೆಯ ಬಿಸಿಲು ನನ್ನನ್ನು ಹಳದಿ ಮಾಡಿತು. ಒಂದು ತುದಿ ಬಿರುಕುಬಿಟ್ಟು ನೀರು ಜಿನುಗತೊಡಗಿದಾಗ, ನನ್ನ ಜಾಗಕ್ಕೆ ಹೊಸ ಪೈಪುಗಳು ಬಂದವು. ಈಗ ನಾನು ಅಂಗಳದ ನೆರಳಿನಲ್ಲಿದ್ದೇನೆ. ಓಣಿಯ ಹೆಂಗಸರು ನೀಲವ್ವನ ಹತ್ತಿರ ಕೆಲಸ ಕಲಿಯಲು ಬರುತ್ತಾರೆ. ಅವರು ಮೊದಲು ಗರಗಸ ಆಡಿಸುವುದು ನನ್ನ ಮೇಲೆ. ತುಂಡುತುಂಡಾಗಿ ಕಡಿಮೆಯಾಗುತ್ತ ಬಂದಿದ್ದೇನೆ. ನೋವೇನಿಲ್ಲ, ಆ ಕೈಗಳ ನಡುಕ ದಿನದಿನಕ್ಕೆ ಕಡಿಮೆಯಾಗುವುದು ನನಗೆ ತಿಳಿಯುತ್ತದೆ.

ನಿನ್ನೆ ಬಂದ ಹೊಸಬಳು ಸೊಟ್ಟಗೆ ಕೊಯ್ದು ಮುಖ ಸಣ್ಣ ಮಾಡಿದಳು. ಫಕ್ಕೀರಪ್ಪ ನನ್ನನ್ನು ತಿರುಗಿಸಿ, ಸುತ್ತಲೂ ಸೀಸಕಡ್ಡಿಯಿಂದ ಹೊಸ ಗೆರೆ ಎಳೆದ.

"ಇರಲಿ ತಂಗಿ, ಇನ್ನೂ ಎರಡು ಗೇಣು ಐತಿ" ಅಂದ.