ಹದಿನಾಲ್ಕು ಬಂಗಾರಿಗಳು

ಆಸ್ಪತ್ರೆಯ ಟೆಲಿಫೋನ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿರುವ ಆಪರೇಟರಮ್ಮನಿಗೆ ಕಣ್ಣು ಕಾಣುವುದಿಲ್ಲ. ಕರೆ ಜೋಡಿಸುವ ಹಳೆಯ ಬೋರ್ಡು ಅವರ ಬೆರಳಿಗೆ ಗೊತ್ತು. ಸೋಮವಾರದಿಂದ ಅದರ ಬದಲು ನಾವು ಮಾಡಿದ ಸಾಫ್ಟ್‌ವೇರ್. ಪರದೆಯ ಮೇಲಿನ ಬಟನ್‌ಗಳನ್ನು ಕಂಪ್ಯೂಟರ್ ಅವರ ಕಿವಿಗೆ ಓದಿ ಹೇಳಬೇಕು. ಅವರಿಂದ ಆಗದಿದ್ದರೆ ಆ ಕುರ್ಚಿಗೆ ಬೇರೆಯವರು ಬರುತ್ತಾರೆಂದು ಆಡಳಿತದವರು ಆಗಲೇ ತಿಳಿಸಿದ್ದರು.

ಅವರಿಗೆ ಮೊದಲೇ ಪ್ರಯೋಗಕ್ಕೆ ಕೊಟ್ಟಿದ್ದ ಸಾಫ್ಟ್‌ವೇರ್ ಹೇಗಿದೆಯೆಂದು ಕೇಳಲು ಶುಕ್ರವಾರ ನಾವು ಮೂವರು, ಡಿಸೈನರ್, ಟೆಸ್ಟರ್, ನಾನು, ಹೋಗಿ ನಿಂತೆವು. ಆಪರೇಟರಮ್ಮ ಹೆಡ್‌ಫೋನ್ ತೆಗೆದಿಟ್ಟರು.

“ಬನ್ನಿ ಬನ್ನಿ. ನಿಮ್ಮ ಮಿಷಿನ್‌ಗೆ ನನ್ನ ಮೇಲೆ ತುಂಬಾ ಪ್ರೀತಿ ಕಣ್ರೀ. ಯಾವ ಬಟನ್‌ಗೆ ಹೋದ್ರೂ ‘ಬಂಗಾರಿ’ ಅನ್ನತ್ತೆ. ನಮ್ಮನೆಯವ್ರು ಮೂವತ್ತು ವರ್ಷದಲ್ಲಿ ಒಂದ್ಸಲಾನೂ ಹಾಗೆ ಕರ್ದಿಲ್ಲ. ಆದ್ರೆ ತುರ್ತು ವಿಭಾಗ ಯಾವ ಬಂಗಾರಿ, ಲ್ಯಾಬ್ ಯಾವ ಬಂಗಾರಿ, ಹೇಗೆ ತಿಳ್ಕೊಳ್ಲಿ?”

“ನಾನು ಚಿತ್ರ ಮಾಡ್ಕೊಟ್ಟೆ ಅಷ್ಟೆ. ಹೆಸರಿಡೋದು ಕೋಡ್ ಬರೆಯೋರ ಕೆಲಸ,” ಎಂದ ಡಿಸೈನರ್.

“ಹೆಸರಿನ ಜಾಗ ಖಾಲಿ ಇರ್ಲಿಲ್ಲ, ಪರೀಕ್ಷೆಯಲ್ಲಿ ಹಸಿರು ಬಂತು, ಪಾಸ್ ಮಾಡ್ದೆ,” ಎಂದಳು ಟೆಸ್ಟರ್.

“ಕಿವಿಗೆ ಹಾಕ್ಕೊಂಡು ಕೇಳಿದ್ರಾ?”

“ಅದು ನನ್ನ ಪಟ್ಟಿಯಲ್ಲಿರ್ಲಿಲ್ಲ ಮೇಡಂ.”

“ಹೋಗ್ಲಿ, ಈ ಬಂಗಾರಿ ಯಾರ ಮನೆ ಮಗು?”

ಕೋಡ್ ಬರೆದವಳು ನಾನೇ. ಕಂಪ್ಯೂಟರ್ ಓದಬೇಕಾದ ಹೆಸರು ತುಂಬದಿದ್ದರೆ ಪರೀಕ್ಷೆ ಕೆಂಪು ತೋರಿಸುತ್ತದೆ. ಮಗಳಿಗೆ ಜ್ವರ ಬಂದ ದಿನ, ಮನೆಗೆ ಓಡುವ ಅವಸರದಲ್ಲಿ, ಆಮೇಲೆ ಸರಿಮಾಡಿದರಾಯಿತೆಂದು ಹದಿನಾಲ್ಕು ಬಟನ್‌ಗಳಿಗೂ ಬಾಯಲ್ಲಿದ್ದ ಹೆಸರನ್ನೇ ತುಂಬಿದ್ದೆ.

“ನಮ್ಮನೇದೇ ಮೇಡಂ. ನನ್ನ ಮಗಳು.”

ಅವರು ನಕ್ಕುಬಿಟ್ಟರು. “ಹಾಗಾದ್ರೆ ಕೂತ್ಕೊಳಮ್ಮ, ಹೆತ್ತೋಳೇ ಹೆಸರಿಡು. ನೀವಿಬ್ರು ಎಲ್ಲಿಗೆ ಜಾರ್ತಿದ್ದೀರಿ? ನೀವೂ ಕೂತ್ಕೊಳ್ಳಿ.”

ಸಂಜೆವರೆಗೂ ಕೂತೆವು. ನಾನು ಬರೆದೆ, ಟೆಸ್ಟರ್ ಹೆಡ್‌ಫೋನ್ ಹಾಕಿಕೊಂಡು ಕೇಳಿದಳು. ಕಣ್ಣು ಮುಚ್ಚಿಕೊಂಡು ಒಂದು ಕರೆ ಜೋಡಿಸಲು ಹೋದ ಡಿಸೈನರ್, ಹೆರಿಗೆ ವಾರ್ಡಿನ ಬದಲು ಶವಾಗಾರಕ್ಕೆ ಹಚ್ಚಿದ. ಆಮೇಲೆ ಬಟನ್‌ಗಳ ಸಾಲನ್ನೇ ಬದಲಾಯಿಸಿದ. ಹೆಸರು ಉದ್ದವಾಯಿತೆಂದು ಆಪರೇಟರಮ್ಮ ನನ್ನನ್ನೂ ಬಿಡಲಿಲ್ಲ.

“‘ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆ ವರ್ಗಾಯಿಸಿ’ ಅಂತೆ! ಅಷ್ಟು ಹೇಳಿ ಮುಗಿಸೋದ್ರೊಳಗೆ ರೋಗಿ ವಾಸಿಯಾಗಿ ಮನೆಗೆ ಹೋಗಿರ್ತಾನೆ. ‘ತುರ್ತು’, ಸಾಕು.”

ಸೋಮವಾರ ಬೆಳಿಗ್ಗೆ ಮಗಳಿಗೆ ಜಡೆ ಹೆಣೆಯುತ್ತಿದ್ದಾಗ ಫೋನ್ ಬಂತು. ಅವಳೇ ಎತ್ತಿದಳು.

“ಅಮ್ಮಾ, ಆಸ್ಪತ್ರೆಯಿಂದ ಯಾರೋ. ನನ್ನ ಹೆಸರು ಕೇಳಿ ಕೇಳಿ ಸಾಕಾಗಿತ್ತಂತೆ, ದನಿ ಕೇಳೋಣ ಅಂತ ಮಾಡಿದ್ರಂತೆ.”

ಇಸಿದುಕೊಂಡೆ.

“ನನ್ನ ಕುರ್ಚಿಯಿಂದಾನೇ ಮಾಡ್ತಿದ್ದೀನಮ್ಮ,” ಎಂದರು ಆಪರೇಟರಮ್ಮ. “ಹೊಸ ಮಿಷಿನ್‌ನಲ್ಲಿ ಇದು ನಲವತ್ತನೇ ಕರೆ… ಒಂದ್ನಿಮಿಷ ಇರು, ತುರ್ತು.”

ಫೋನನ್ನು ಕೆನ್ನೆಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಅವರು ವಾಪಸ್ ಬರುವಷ್ಟರಲ್ಲಿ ಎರಡನೇ ಜಡೆಯನ್ನೂ ಮುಗಿಸಿದೆ.