ಗೊತ್ತಿತ್ತು ಸ್ವಾಮಿ

"ಗೊತ್ತಾಗಿದ್ದು ಹೋದ ವರ್ಷ. ಅಷ್ಟೇ ಹೇಳಿ. ಇನ್ನೊಂದು ಮಾತು ಬೇಡ," ಎಂದು ವಕೀಲ ಗಂಗುಲಪ್ಪನವರು ಮತ್ತೆ ಹೇಳಿದರು.

ಚಿಕ್ಕಬಳ್ಳಾಪುರದ ಕೋರ್ಟಿನ ಹೊರಗೆ, ಹುಣಸೆಮರದ ಕೆಳಗೆ ನಿಂತಿದ್ದ ರಾಮಲಕ್ಷ್ಮಮ್ಮ ತಲೆಯಾಡಿಸಿದಳು. ತೊಂಬತ್ತೆರಡರ ಮಾಗಿ. ಬಿಸಿಲು ಬಂದಿದ್ದರೂ ಚಳಿ ಬಿಟ್ಟಿರಲಿಲ್ಲ.

"ಗಂಡನ ತಪ್ಪು ಗೊತ್ತಿದ್ದೂ ಸಂಸಾರ ಮಾಡಿದ್ರೆ ಕಾನೂನು ಅದನ್ನ ಕ್ಷಮೆ ಅನ್ನುತ್ತಮ್ಮ. ಕ್ಷಮಿಸಿದ ಮೇಲೆ ಬಿಡುಗಡೆ ಕೇಸೇ ನಿಲ್ಲಲ್ಲ."

"ಒಂದು ಸುಳ್ಳು ತಾನೆ ಅಕ್ಕ, ಹೇಳ್ಬುಡು," ಎಂದ ತಮ್ಮ ಚೆನ್ನರಾಯಪ್ಪ. "ಹೇಳಾಕಾಗ್ದಿದ್ರೆ ಈಗ್ಲೇ ಭಾವನ ಜತೆ ಊರಿಗೆ ಹೋಗ್ಬುಡು. ನಾನೂ ಎಷ್ಟು ಜನಕ್ಕೆ ಉತ್ತರ ಹೇಳ್ಲಿ?"

ಜಗಲಿಯ ಮೇಲೆ ಅವಳ ಗಂಡ ಆವಲಪ್ಪ ಒಗೆದ ಪಂಚೆಯುಟ್ಟು, ಹೆಗಲ ಮೇಲೆ ವಲ್ಲಿ ಹಾಕಿಕೊಂಡು ನಿಂತಿದ್ದ. ಅವನ ವಕೀಲರು ಕಿವಿಯ ಬಳಿ ಏನೋ ಹೇಳುತ್ತಿದ್ದರು. ಅವನೂ ತಲೆಯಾಡಿಸುತ್ತಿದ್ದ.

ಮಗಳು ಆದಿಲಕ್ಷ್ಮಿ ಇನ್ನೂ ಎರಡನೇ ಕ್ಲಾಸಿನಲ್ಲಿದ್ದಾಗಿನ ಮಾತು. ಆವಲಪ್ಪ ಆಗ ಚಿಂತಾಮಣಿಯ ಕಡಲೆಕಾಯಿ ಮಂಡಿಯೊಂದರಲ್ಲಿ ರೈಟರ್ ಆಗಿದ್ದ, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಮಗಳಿಗೆ ಟೈಫಾಯ್ಡ್ ಜ್ವರ ಏರಿದಾಗ ಅವನನ್ನು ಕರೆತರಲು ರಾಮಲಕ್ಷ್ಮಮ್ಮ ಬಸ್ಸು ಹತ್ತಿದಳು. ಮಂಡಿಯವರು ತೋರಿಸಿದ ಮನೆಯ ಬಾಗಿಲು ತೆರೆದೇ ಇತ್ತು. ಗೋಡೆಯ ಮೊಳೆಗೆ ಅವನ ನೀಲಿ ಅಂಗಿ ತೂಗುತ್ತಿತ್ತು. ಬರಿಮೈಯಲ್ಲಿ ಅವನು ಊಟಕ್ಕೆ ಕೂತಿದ್ದ. ಶ್ಯಾಮಲಮ್ಮ ಎಂಬ ಹೆಂಗಸು ಸಾರು ಬಡಿಸುತ್ತಿದ್ದಳು. ಹೊಸಿಲಲ್ಲಿ ನಿಂತವಳನ್ನು ನೋಡಿ ಆಕೆ "ಯಾರಮ್ಮ, ಯಾರು ಬೇಕಾಗಿತ್ತು?" ಎಂದು ಕೇಳಿದ್ದಳು.

ರಾಮಲಕ್ಷ್ಮಮ್ಮ "ಮಗೂಗೆ ಜ್ವರ" ಎಂದಷ್ಟೇ ಹೇಳಿ ತಿರುಗಿ ಬಂದಿದ್ದಳು. ಆ ವಾರವೇ ಆವಲಪ್ಪ ಮಂಡಿಯ ಕೆಲಸ ಬಿಟ್ಟು ಊರು ಸೇರಿದ, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅತ್ತೆ ಚಿಕ್ಕವೆಂಕಟಮ್ಮ ಸೊಸೆಯ ತಲೆ ಸವರಿ, "ಊರುಕೋ ತಲ್ಲೀ, ಸುಮ್ನಿರು. ಬಂದ್ನಲ್ಲ, ಬಿಡು," ಎಂದಿದ್ದರು. ಆ ಮನೆಯಲ್ಲಿ ಅದರ ಬಗ್ಗೆ ನಡೆದ ಮಾತು ಅಷ್ಟೇ.

ಹೋದ ವರ್ಷ ಗೌರಿಬಿದನೂರಿನಲ್ಲಿ ಮಗಳ ಮದುವೆಯಾಯಿತು. ಊಟ ಮುಗಿದು ಬೀಗರೆಲ್ಲ ಎಲೆಅಡಿಕೆ ಹಾಕಿಕೊಂಡು ಕೂತಿದ್ದಾಗ, ಆವಲಪ್ಪ ಸಂತೋಷದಲ್ಲಿ ಎಲ್ಲರೆದುರಿಗೆ ಹೇಳಿಬಿಟ್ಟ: "ವಯಸ್ನಾಗೆ ನಂದೂ ಒಂದು ತಪ್ಪಾಗಿತ್ತು. ನಮ್ಮೋಳು ದೊಡ್ಡ ಮನಸು. ಆವತ್ತೇ ಕ್ಷಮಿಸ್ಬುಟ್ಳು." ಎಲ್ಲರೂ ಮೆಚ್ಚಿಗೆಯಿಂದ ಅವಳತ್ತ ತಿರುಗಿದರು. ಬೀಗಿತ್ತಿಯೊಬ್ಬಳು ಅವಳ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ರಾಮಲಕ್ಷ್ಮಮ್ಮ ಕೈ ಬಿಡಿಸಿಕೊಂಡು ಎದ್ದುಹೋದಳು. ಮಗಳನ್ನು ಗಂಡನ ಮನೆ ಸೇರಿಸಿ ಬಂದವಳೇ ಬಟ್ಟೆಗಳನ್ನು ಟ್ರಂಕಿಗೆ ತುಂಬಿಕೊಂಡು ಪೆರೇಸಂದ್ರದ ತಮ್ಮನ ಮನೆಗೆ ಹೊರಟಳು.

ಕೋರ್ಟಿನೊಳಗಿಂದ ಅವಳ ಹೆಸರು ಕೂಗಿದರು. ಕಟಕಟೆಯಲ್ಲಿ ನಿಂತು ಪ್ರಮಾಣ ಮಾಡಿದಳು. ಗಂಡನ ವಕೀಲರು ನಿಧಾನವಾಗಿಯೇ ಶುರುಮಾಡಿದರು.

"ನೀವು ಯಾವಾಗಲಾದರೂ ಚಿಂತಾಮಣಿಗೆ ಹೋಗಿದ್ದಿರಾ?"

ಇಲ್ಲ ಎನ್ನಬೇಕಿತ್ತು. ಬಾಯಿ ತೆರೆದಳು. ಇಲ್ಲ ಎಂದರೆ ಆ ಹೊಸಿಲಲ್ಲಿ ತಾನು ನಿಂತೇ ಇರಲಿಲ್ಲ ಎಂದಾಗುತ್ತದೆ; ಅಲ್ಲಿಂದೀಚೆಗೆ ನುಂಗಿದ್ದೆಲ್ಲವೂ ಇಲ್ಲ ಎಂದಾಗುತ್ತದೆ.

"ಹೋಗಿದ್ದೆ."

ಗಂಗುಲಪ್ಪನವರು ಕತ್ತೆತ್ತಿ ನೋಡಿದರು.

"ಯಾವಾಗ?"

"ಮಗಳಿಗೆ ಟೈಫಾಯ್ಡ್ ಆದಾಗ. ಚಿಕ್ಕೋಳಿದ್ಲು."

"ಅಂದರೆ ನಿಮಗೆ ಆಗಲೇ ಗೊತ್ತಿತ್ತು."

"ಗೊತ್ತಿತ್ತು ಸ್ವಾಮಿ."

ಹಿಂದೆ ಚೆನ್ನರಾಯಪ್ಪ ಹಣೆಗೆ ಕೈ ಹಚ್ಚಿಕೊಂಡ.

"ಗೊತ್ತಿದ್ದೂ ಅದೇ ಮನೆಯಲ್ಲಿದ್ದಿರಿ. ಅಡಿಗೆ ಮಾಡಿ ಬಡಿಸಿದಿರಿ. ಧಾರೆಯೆರೆಯುವಾಗ ಅವರ ಪಕ್ಕದಲ್ಲಿ ನಿಂತಿರಿ. ಕ್ಷಮಿಸಿದ್ದಿರಿ ಎಂದೇ ಆಯಿತಲ್ಲ?"

"ಇಲ್ಲ."

"ಮತ್ತೇನು?"

"ರೇಷ್ಮೆ ಹುಳಕ್ಕೂ ಹೊತ್ತೊತ್ತಿಗೆ ಸೊಪ್ಪು ಹಾಕಿದೀನಿ ಸ್ವಾಮಿ. ಹೊಟ್ಟೆಗೆ ಹಾಕಿದ್ದೆಲ್ಲ ಕ್ಷಮಿಸಿದಂಗಾ?"

ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ.

ಮುಂದೆ ಆವಲಪ್ಪನ ಸರದಿ. ಅವನ ಅಣ್ಣ ಮುನಿಶಾಮಪ್ಪನ ಜೊತೆ ಊರಿನ ಹಿರಿಯರೂ ಬಂದು ಬೆಂಚಿನ ಮೇಲೆ ಕೂತಿದ್ದರು.

"ಆ ಘಟನೆಯಾದ ಮೇಲೂ ನೀವಿಬ್ಬರು ಗಂಡಹೆಂಡತಿಯಾಗಿಯೇ ಬಾಳಿದಿರಿ. ಹೌದಲ್ಲವೇ?" ಎಂದು ಅವನ ವಕೀಲರೇ ಕೇಳಿದರು.

ಹೌದು ಎಂದರೆ ಸಾಕಿತ್ತು, ಅವಳ ಕೇಸು ಅಲ್ಲಿಗೇ ಮುಗಿಯುತ್ತಿತ್ತು. ರಾಮಲಕ್ಷ್ಮಮ್ಮ ಸೆರಗನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ಆವಲಪ್ಪ ಕಟಕಟೆಯ ಮರವನ್ನು ಉಗುರಿನಿಂದ ಕೆರೆಯುತ್ತ ನಿಂತ.

"ಒಂದೇ ಮನೇಲಿದ್ವಿ," ಎಂದ ಕೊನೆಗೆ.

"ನಾನು ಕೇಳಿದ್ದು ಅದಲ್ಲ..."

ನ್ಯಾಯಾಧೀಶರು ವಕೀಲರನ್ನು ತಡೆದರು. "ನೀವು ಆಕೆಯ ಹತ್ತಿರ ಕ್ಷಮೆ ಕೇಳಿದ್ದಿರಾ?"

"ಇಲ್ಲ ಸ್ವಾಮಿ."

"ಯಾಕೆ?"

"ಬಯ್ತಾಳೆ, ಅತ್ತು ರಂಪ ಮಾಡ್ತಾಳೆ, ಆವಾಗ ಕೇಳಣ ಅಂತಿದ್ದೆ. ಅವಳು ಬಯ್ಲೇ ಇಲ್ಲ. ಸದ್ಯ, ತಪ್ತು ಅಂದ್ಕಂಡೆ." ಅವನ ದನಿ ತಗ್ಗಿತು. "ಆವತ್ತಿಂದ ಅವಳು ನನ್ನ ಪಕ್ಕ ಮಲಗಿಲ್ಲ. ಹುಳದ ಮನೇಲೇ ಮಲಗ್ತಿದ್ಲು. ಹುಳ ಇರ್ಲಿ, ಬಿಡ್ಲಿ. ಹುಳ ನೋಡ್ಕಳಾಕೆ ಅಂತ ಊರೋರಿಗೆ ನಾನೇ ಹೇಳ್ತಿದ್ದೆ."

ಮುನಿಶಾಮಪ್ಪ ದಡಕ್ಕನೆ ಎದ್ದು ಹೊರಗೆ ನಡೆದ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವನು ಸುಳ್ಳು ಹೇಳುತ್ತಾನೆಂದು ರಾಮಲಕ್ಷ್ಮಮ್ಮ ಮನಸ್ಸು ಕಲ್ಲು ಮಾಡಿಕೊಂಡು ಕೂತಿದ್ದಳು. ಈಗ ಆ ಕಲ್ಲನ್ನು ಎಲ್ಲಿ ಇಳಿಸಬೇಕೋ ತಿಳಿಯಲಿಲ್ಲ.

"ಬಿಡುಗಡೆ ಸಿಗುತ್ತಮ್ಮ," ಎಂದರು ಗಂಗುಲಪ್ಪನವರು ಹೊರಗೆ ಬಂದು. "ನನ್ನ ವಾದದಿಂದಲ್ಲ." ಅವರ ಮಾತು ಸುಳ್ಳಾಗಲಿಲ್ಲ, ಮುಂದಿನ ತಿಂಗಳು ತೀರ್ಪು ಬಂತು.

ಸಾಕ್ಷಿ ಹೇಳಿದ ಆ ಸಂಜೆ ಚೆನ್ನರಾಯಪ್ಪನಿಗೆ ಪೇಟೆಯಲ್ಲಿ ಕೆಲಸವಿತ್ತು. ರಾಮಲಕ್ಷ್ಮಮ್ಮ ಒಬ್ಬಳೇ ಬಾಗೇಪಲ್ಲಿ ಬಸ್ಸು ಹತ್ತಿದಳು. ಬಸ್ಸು ಇನ್ನೇನು ಹೊರಡಬೇಕು, ಆವಲಪ್ಪ ಹತ್ತಿದ. ಅವನ ಊರಿಗೂ ಇದ್ದದ್ದು ಅದೇ ಬಸ್ಸು. ಅವಳ ಪಕ್ಕದ ಸೀಟು ಖಾಲಿಯಿತ್ತು. ಅವನು ಕೂರಲಿಲ್ಲ. ಮೇಲಿನ ಕಂಬಿ ಹಿಡಿದು ನಿಂತ.

"ಈಗ ಕೇಳ್ಲಾ?" ಎಂದ, ಅವಳಿಗಷ್ಟೇ ಕೇಳಿಸುವಂತೆ.

ಅವಳು ಮುಖವೆತ್ತಿ ನೋಡಿದಳು. ಎಷ್ಟೋ ವರ್ಷಗಳ ಮೇಲೆ ಅವನ ಕಣ್ಣಿಗೆ ಕಣ್ಣಿಟ್ಟು ನೋಡಿದ್ದು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

"ಕೇಳಿ," ಎಂದಳು.

ಅವನ ತುಟಿ ಅಲುಗಿತು. ಅವಳು ಕಾದಳು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಒಮ್ಮೆ ಜಗ್ಗಿ ಮುಂದೆ ಸರಿಯಿತು. ಆವಲಪ್ಪ ಕಂಬಿಯನ್ನು ಇನ್ನೊಂದು ಕೈಯಿಂದಲೂ ಹಿಡಿದುಕೊಂಡು ಕಿಟಕಿಯಾಚೆ ನೋಡತೊಡಗಿದ.

ಹಿಂದಿನಿಂದ ಸೇವಂತಿಗೆಯ ಕುಕ್ಕೆ ಎತ್ತಿಕೊಂಡು ಮುದುಕಿಯೊಬ್ಬಳು ಜನರನ್ನು ತಳ್ಳಿಕೊಂಡು ಬಂದಳು. "ವಸಿ ಜರುಗು ತಾಯಿ, ಕಾಲು ನಿಲ್ತಿಲ್ಲ."

ರಾಮಲಕ್ಷ್ಮಮ್ಮ ಕಿಟಕಿಯ ಕಡೆ ಸರಿದು ಜಾಗ ಮಾಡಿದಳು. ಕುಕ್ಕೆಯನ್ನು ತಾನೇ ಇಸಿದುಕೊಂಡು ತೊಡೆಯ ಮೇಲಿಟ್ಟುಕೊಂಡಳು. ಹೂವಿಗೆ ಚಿಮುಕಿಸಿದ್ದ ನೀರು ಬಿದಿರಿನ ಸಂದಿನಿಂದ ಜಿನುಗಿ, ತಣ್ಣಗೆ, ಅವಳ ಸೀರೆಗೆ ಇಳಿಯುತ್ತಿತ್ತು.